ಮೂಲೆಯಿಲ್ಲದ ಹೇಳಿಕೆ ಕಾಗದ

"ಅಚ್ಚು ಹಾಕಿಸುವುದು ಕೈಲಾಗದವರ ಕೆಲಸ! ದೇವರು ನನಗೆ ಎರಡು ಕೈ ಕೊಟ್ಟಿದ್ದಾನೆ, ಕತ್ತರಿ ನಾನೇ ತಂದಿದ್ದೇನೆ. ಮನೆ ಒಕ್ಕಲಿಗೆ ಜನ ಕರೆಯುವ ಹೇಳಿಕೆ ಕಾಗದ ನಾನೇ ಮಾಡ್ತೇನೆ!"

ಸಿದ್ಧಕಟ್ಟೆಯ ಕಮಲಾಕ್ಷ ಮಾಷ್ಟ್ರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಪ್ರಫುಲ್ಲಾ ಬಸಳೆ ಹೆಚ್ಚುತ್ತಿದ್ದಳು. ತಲೆಯೆತ್ತಲಿಲ್ಲ.

"ಮೂಡುಬಿದಿರೆಯ ಪ್ರೆಸ್ಸಿನಲ್ಲಿ ಮಾಡಿಸಿ ಅಂತ ಮಾವ ಹೇಳಿದ್ದಾರಲ್ಲ?"

"ಮಾವನಿಗೆ ಕಲೆ ಗೊತ್ತುಂಟಾ?"

"ಕಲೆ ಗೊತ್ತಿಲ್ಲ. ನಿಮ್ಮನ್ನು ಗೊತ್ತುಂಟು."

ಮಾವ ಎಂದರೆ ಕುಶಾಲಪ್ಪ ಶೆಟ್ಟರು, ಪ್ರಫುಲ್ಲಾಳ ತಾಯಿಯ ಅಣ್ಣ. ಆ ಮನೆತನದಲ್ಲಿ ಆಸ್ತಿ ಹೆಂಗಸರ ಕಡೆಯಿಂದ ಇಳಿದು ಬರುವಂಥದ್ದು, ಯಜಮಾನಿಕೆ ಸೋದರಮಾವನದ್ದು. ನಡುವೆ ಗಂಡನೆಂಬವನು ಆಜೀವ ಅತಿಥಿ. ಊಟಕ್ಕೆ ಮೊದಲ ಎಲೆ, ಮಾತಿಗೆ ಕೊನೆಯ ಸರದಿ! ಎಂಟು ವರ್ಷ ಹೀಗೆ ಮೊದಲ ಎಲೆಯಲ್ಲಿ ಉಂಡು ಉಂಡು ಮಾಷ್ಟ್ರಿಗೆ ಸಾಕಾಗಿತ್ತು.

ಈಗ ಗದ್ದೆಯ ಆಚೆ ತುದಿಯಲ್ಲಿ ಪ್ರಫುಲ್ಲಾಳಿಗೆಂದೇ ಹೊಸ ಮನೆ ಎದ್ದಿತ್ತು. ಮೂರು ವಾರ ಕಳೆದು ಬರುವ ಭಾನುವಾರ ಒಕ್ಕಲು, ಅಂದರೆ ಗೃಹಪ್ರವೇಶ. ಎಲೆಅಡಿಕೆ ಜಗಿಯುತ್ತ ಶೆಟ್ಟರು ಒಂದು ದಿನ ಅಪ್ಪಣೆ ಕೊಟ್ಟಿದ್ದರು: "ಒಕ್ಕಲಿನ ದಿನ ಬಾಗಿಲಲ್ಲಿ ನಿಂತು ಬಂದವರನ್ನು ನೀವೇ ಎದುರುಗೊಳ್ಳಿ ಮಾಷ್ಟ್ರೇ. ಆದರೆ ಮೊದಲು ಹೇಳಿಕೆಯ ಕೆಲಸ ಒಂದು ನೆಟ್ಟಗೆ ಮಾಡಿ ತೋರಿಸಿ. ನಿಮ್ಮಿಂದ ಆಗದಿದ್ದರೆ ಬಾಗಿಲಲ್ಲಿ ನಾನೇ ನಿಲ್ತೇನೆ."

ಬಾಗಿಲು! ಯಜಮಾನ ನಿಲ್ಲುವ ಜಾಗ! ಅಂದಿನಿಂದ ಮಾಷ್ಟ್ರು ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಕೈಮುಗಿದು ಸ್ವಾಗತ ಭಾಷಣ ಅಭ್ಯಾಸ ಮಾಡತೊಡಗಿದರು. "ಬರೋಣವಾಗಲಿ! ತಮ್ಮ ಪಾದಧೂಳಿಯಿಂದ ಈ ನೂತನ ಗೃಹ ಪಾವನವಾಯಿತು!" ಕನ್ನಡಿ ಇದನ್ನು ಇಪ್ಪತ್ತು ಸಲ ಕೇಳಿ ಪಾವನವಾಗಿತ್ತು.

ಇನ್ನು ಮಾಷ್ಟ್ರ ಕತ್ತರಿಯ ಕಥೆ. ಚಿತ್ರ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವ ಹುಚ್ಚು ಅವರಿಗೆ ಟ್ರೈನಿಂಗಿನ ಕಾಲದಿಂದ ಇತ್ತು. ಆ ಮನೆಯ ಹಳೆಯ ಕ್ಯಾಲೆಂಡರಿನ ಲಕ್ಷ್ಮಿಗೆ ಕೂರಲು ತಾವರೆ ಇರಲಿಲ್ಲ. ಅದು ಆಲ್ಬಮ್ಮಿನ ಹದಿನೇಳನೆಯ ಪುಟದಲ್ಲಿತ್ತು. ಕೃಷ್ಣನ ಕೊಳಲು ಇಪ್ಪತ್ತೆರಡನೆಯದರಲ್ಲಿ. ಈ ಸಲ ವಾರಪತ್ರಿಕೆಯೊಂದರಲ್ಲಿ 'ಮನೆಯಲ್ಲೇ ಮಾಡಿ ನೋಡಿ' ಎಂಬ ಪುಟ ಸಿಕ್ಕಿಬಿಟ್ಟಿತು. ಅದರಲ್ಲಿ ಪುಸ್ತಕದಂತೆ ಮಡಚುವ ಕಾಗದ, ತೆರೆದರೆ ಒಳಗಿನಿಂದ ಎದ್ದು ನಿಲ್ಲುವ ಮನೆ! ಅಳತೆ ಮಾತ್ರ ಸೆಂಟಿಮೀಟರಿನಲ್ಲಿ. ಸೆಂಟಿಮೀಟರು ಆಗಷ್ಟೇ ಊರಿಗೆ ಕಾಲಿಟ್ಟಿತ್ತು, ಮಾಷ್ಟ್ರ ಕೈಯಲ್ಲಿದ್ದದ್ದು ಇಂಚಿನ ಸ್ಕೇಲು. ಮೊದಲು ಮಾಡಿದ ಕಾಗದ ಹಲಸಿನಕಾಯಿ ಹೆಚ್ಚುವ ಮಣೆಯಷ್ಟಾಯಿತು!

ಸೋಲೊಪ್ಪುವ ಜೀವವಲ್ಲ ಅದು. ಮರುದಿನ ಪ್ರಫುಲ್ಲಾಳ ಹಾಲಿನ ಪಾತ್ರೆಯಲ್ಲಿ ಮೈದಾ ಅಂಟು ಕುದಿಯಿತು. ಹುಳ ಹಿಡಿಯಬಾರದೆಂದು ಅದಕ್ಕೆ ಅಡಿಕೆಗೆ ಹೊಡೆಯುವ ಮೈಲುತುತ್ತಿನ ವಿಷವೂ ಬಿತ್ತು. ಪಾತ್ರೆ ಆ ಕ್ಷಣದಿಂದ ಸಂಸಾರ ಬಿಟ್ಟು ಕಲಾಸೇವೆಗೆ ಸೇರಿತು.

"ಹಾಲು ಎಂತದರಲ್ಲಿ ಕಾಯಿಸುವುದು?"

"ಕಲೆ ದೊಡ್ಡದಾ, ಹಾಲು ದೊಡ್ಡದಾ?"

"ಕಾಫಿ ಕೇಳ್ತೀರಲ್ಲ, ಆಗ ಹೇಳ್ತೇನೆ."

ಮುಖಪುಟಕ್ಕೆ ಒಂದು ಭಾವಚಿತ್ರ ಬೇಕಿತ್ತು. ಮನೆತನದ ಯಜಮಾನರದ್ದಲ್ಲದೆ ಇನ್ನಾರದ್ದು? ಶೆಟ್ಟರು ಕೋವಿಯ ಲೈಸನ್ಸಿಗೆಂದು ಬಂಟ್ವಾಳದ ಅಬ್ದುಲ್ ವಹಾಬರ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಇತ್ತು. ಅದರಲ್ಲಿ ಅವರು ಈ ಲೋಕದ ಮೇಲೆ ಆಸೆ ಬಿಟ್ಟವರಂತೆ ಆಕಾಶ ನೋಡುತ್ತಿದ್ದರು. ಮಾಷ್ಟ್ರು ಎರಡು ಡಜನ್ ಪ್ರತಿ ಮಾಡಿಸಿದರು. ಜೊತೆಗೆ ಫೋಟೋ ಕಾಗದ ಸುತ್ತಿ ಬರುವ ಕಪ್ಪು ಹಾಳೆಗಳನ್ನೂ ಕೇಳಿ ಪಡೆದರು.

"ಇದು ಎಂತಕ್ಕೆ ಮಾಷ್ಟ್ರೇ?" ಎಂದರು ವಹಾಬರು.

"ಸುತ್ತ ಕಪ್ಪು ಅಂಚು ಕೊಟ್ಟರೆ ಮುಖ ಎದ್ದು ಕಾಣ್ತದೆ! ಪತ್ರಿಕೆಯಲ್ಲಿ ಉಂಟು."

ವಹಾಬರು ಫೋಟೋ ನೋಡಿದರು, ಕಪ್ಪು ಹಾಳೆ ನೋಡಿದರು, ಮಾಷ್ಟ್ರ ಮುಖ ನೋಡಿದರು. "ಶೆಟ್ರು ಸೌಖ್ಯ ಇದ್ದಾರಲ್ಲ?"

"ಗುಂಡುಕಲ್ಲಿನ ಹಾಗೆ ಇದ್ದಾರೆ!"

ಒಳಗಿನ ಮನೆ ಅಂಟಿಸಿ ಮುಗಿದಾಗ ಪ್ರಫುಲ್ಲಾ ಅರಸಿನ ಕುಂಕುಮದ ಬಟ್ಟಲು ಹಿಡಿದು ಬಂದಳು. ಶುಭದ ಕಾಗದವೆಂದರೆ ನಾಲ್ಕು ಮೂಲೆಗೂ ಅರಸಿನ ಹಚ್ಚುವುದು ರೂಢಿ.

"ಅರಸಿನವಾ! ಡ್ರಾಯಿಂಗ್ ಕಾಗದಕ್ಕಾ!" ಮಾಷ್ಟ್ರು ಎರಡೂ ಕೈ ಅಡ್ಡ ಹಿಡಿದರು. "ಕಲೆ ಹಿಡಿದು ಹಾಳಾಗ್ತದೆ. ಮತ್ತೆ ನೋಡು, ಹಚ್ಚಲಿಕ್ಕೆ ಮೂಲೆಯೇ ಇಲ್ಲ! ಎಲ್ಲಾ ಉರುಟು ಕತ್ತರಿಸಿದ್ದೇನೆ."

"ಮೂಲೆ ಇಲ್ಲದ ಹೇಳಿಕೆ ನಾನು ಕಂಡದ್ದಿಲ್ಲ."

"ಯಾರೂ ಕಂಡದ್ದಿಲ್ಲ! ಅದೇ ಅದರ ವಿಶೇಷ."

ಪ್ರಫುಲ್ಲಾ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ಮುಖಪುಟದ ಕೆಲಸ ಮಾಷ್ಟ್ರು ಗುಟ್ಟಾಗಿ ಶಾಲೆಯಲ್ಲಿ ಮಾಡಿದರು, ಎಲ್ಲರಿಗೂ ಆಶ್ಚರ್ಯವಾಗಲಿ ಎಂದು. ಕಪ್ಪು ಅಂಚಿನ ನಡುವೆ ಶೆಟ್ಟರು. ಶೆಟ್ಟರ ಕೊರಳಿಗೆ ಕ್ರೇಪ್ ಕಾಗದದಲ್ಲಿ ಕತ್ತರಿಸಿದ ಪುಟ್ಟ ಹೂಮಾಲೆ. ಕೆಳಗೆ ದುಂಡಗಿನ ಅಕ್ಷರದಲ್ಲಿ ಹೆಸರು ಮಾತ್ರ. ಒಕ್ಕಲು, ದಿನ, ಮುಹೂರ್ತ ಎಲ್ಲಾ ಒಳಗೆ, ಏಳುವ ಮನೆಯ ಬುಡದಲ್ಲಿ. ದಾರಿಯಲ್ಲಿ ತೆರೆದುಕೊಳ್ಳಬಾರದೆಂದು ಮೇಲೊಂದು ಕಾಗದದ ಪಟ್ಟಿ ಸುತ್ತಿ ಅಂಟಿಸಿದ್ದೂ ಆಯಿತು. ಒಂದನ್ನು ಆಲ್ಬಮ್ಮಿಗೆಂದು ಇಟ್ಟುಕೊಂಡು, ಉಳಿದ ಇಪ್ಪತ್ತಮೂರನ್ನು ಸೋಮವಾರ ಅಂಚೆಗೆ ಹಾಕಿ ಎದೆ ಸೆಟೆಸಿ ಬಂದರು.

ಬುಧವಾರ ಬೆಳಿಗ್ಗೆ. ಕುಶಾಲಪ್ಪ ಶೆಟ್ಟರು ಜಗಲಿಯಲ್ಲಿ ಕನ್ನಡಿ ತೂಗಹಾಕಿ ಮುಖಕ್ಕೆ ಸಾಬೂನು ಹಚ್ಚಿಕೊಂಡಿದ್ದರು. ಒಂದು ಕೆನ್ನೆ ಬೋಳಿಸಿಯಾಗಿತ್ತು. ಆಗ ಗದ್ದೆಯ ಬದುವಿನಲ್ಲಿ ಹತ್ತು ಹನ್ನೆರಡು ಜನ ಬರುವುದು ಕಾಣಿಸಿತು. ಮುಂದೆ ಬೆಳ್ತಂಗಡಿಯ ಪ್ರೇಮಾವತಿ, ಶೆಟ್ಟರ ಚಿಕ್ಕಮ್ಮನ ಮಗಳು. ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು. ಹಿಂದಿನವರೆಲ್ಲ ತಲೆತಗ್ಗಿಸಿದ್ದರು.

ಶೆಟ್ಟರು ಕ್ಷೌರದ ಕತ್ತಿ ಕೆಳಗಿಟ್ಟರು. ನಮ್ಮವರು ಯಾರೋ ಹೋದರು! ಬೋಳಿಸದ ಕೆನ್ನೆಯನ್ನು ಹಾಗೇ ಬಿಟ್ಟು, ಹೆಗಲಿಗೆ ಶಾಲು ಹಾಕಿ ಅಂಗಳಕ್ಕಿಳಿದರು. ಅವರ ಕಣ್ಣಲ್ಲೂ ನೀರು ಬಂತು.

"ಅಣ್ಣಾ... ನಮ್ಮನ್ನೆಲ್ಲ ಬಿಟ್ಟು ಹೋದಿರಲ್ಲಾ..." ಪ್ರೇಮಾವತಿ ನೆಲ ನೋಡಿಕೊಂಡೇ ಗೋಳಿಟ್ಟಳು.

"ಎಲ್ಲಿಗೂ ಹೋಗ್ಲಿಲ್ಲ ಮಾರಾಯ್ತಿ, ನಿಮ್ಮ ಒಟ್ಟಿಗೇ ಬರ್ತೇನೆ. ಯಾರ ಮನೆಗೆ ಹೋಗುವ, ಹೇಳು!"

ಪ್ರೇಮಾವತಿ ತಲೆಯೆತ್ತಿದಳು. ಎದುರಿಗೆ ಅರ್ಧ ಮುಖ ಬೆಳ್ಳಗಾದ ಅಣ್ಣ! ಕಿರುಚಿ ಅಲ್ಲೇ ಕುಳಿತುಬಿಟ್ಟಳು. ಜೊತೆಗೆ ಬಂದ ಗಂಡಸರು ಹುಲ್ಲಿನ ರಾಶಿಯ ಹಿಂದೆ ಸೇರಿದರು.

"ಅಳುವುದು ನಿಲ್ಲಿಸಿ ಹೆಸರು ಹೇಳಿ! ಯಾರು ಸತ್ತದ್ದು?"

ಪ್ರೇಮಾವತಿ ಸಣ್ಣ ದನಿಯಲ್ಲಿ, "ನೀವೇ ಅಣ್ಣ," ಎಂದಳು.

"ನಾನಾ?" ಶೆಟ್ಟರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. "ಯಾವಾಗ?"

"ಅದು ಹೊರಗೆ ಬರೆದಿರ್ಲಿಲ್ಲ. ಕಾಗದ ಬಂತು, ಅಷ್ಟೇ."

ಕಾಗದ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಒಳಗಿನಿಂದ ಕಮಲಾಕ್ಷ ಮಾಷ್ಟ್ರು ಅರಳಿದ ಮುಖ ಹೊತ್ತು ಓಡಿಬಂದರು. "ಸಿಕ್ಕಿತಾ? ಹೇಗುಂಟು? ಮನೆ ಸರಿಯಾಗಿ ಎದ್ದು ನಿಂತಿತಾ?"

ಅಂಗಳದ ಅಷ್ಟೂ ಕಣ್ಣುಗಳು ಅವರತ್ತ ತಿರುಗಿದವು.

"ಯಾವ ಮನೆ?" ಎಂದಳು ಪ್ರೇಮಾವತಿ. "ಪೋಸ್ಟಿನವ ಎರಡು ಬೆರಳಲ್ಲಿ ಹಿಡಿದು ಅಂಗಳದಲ್ಲೇ ಕೊಟ್ಟ. ಕಪ್ಪು ಅಂಚು, ಮಾಲೆ ಹಾಕಿದ ಪಟ, ಅರಸಿನ ಇಲ್ಲ. ಸಾವಿನ ಕಾಗದ ಒಳಗೆ ತರ್ಲಿಕ್ಕುಂಟಾ, ತೆರೆದು ಇಟ್ಟುಕೊಳ್ಳಲಿಕ್ಕುಂಟಾ? ಅಲ್ಲೇ ಹರಿದು ಹಾಕಿ ತಲೆಗೆ ನೀರು ಹೊಯ್ದುಕೊಂಡೆ. ಮೂಡುಬಿದಿರೆಯವರೂ ಹಾಗೇ ಮಾಡಿರ್ಬೇಕು, ಹಿಂದಿನ ಬಸ್ಸಿನಲ್ಲಿ ಬರ್ತಾ ಇದ್ದಾರೆ."

ಮಾಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿದರು. ಎಂಟು ದಿನ ಕೂತು ಅಂಟಿಸಿದ ಮನೆ! ಇಪ್ಪತ್ತಮೂರು ಮನೆ! ಒಂದನ್ನಾದರೂ ಯಾರೂ ತೆರೆದು ನೋಡಲಿಲ್ಲ! ಅದಕ್ಕಿಂತ ದೊಡ್ಡ ವಿಷಯವೊಂದು ಇಲ್ಲಿದೆ ಎಂಬುದು ಅವರಿಗೆ ಎರಡು ಕ್ಷಣ ತಡವಾಗಿ ಹೊಳೆಯಿತು.

ಪ್ರಫುಲ್ಲಾ ಆಲ್ಬಮ್ಮಿನೊಳಗಿದ್ದ ಆ ಒಂದು ಪ್ರತಿಯನ್ನು ತಂದು ಮಾವನ ಕೈಗಿತ್ತಳು. ಶೆಟ್ಟರು ತಮ್ಮ ಪಟ ನೋಡಿದರು. ಮಾಲೆ ನೋಡಿದರು. ಪಟ್ಟಿ ಹರಿದು ತೆರೆದರು. ಒಳಗಿನಿಂದ ಹೆಂಚಿನ ಮಾಡಿನ ಕೆಂಪು ಮನೆ ಟಪ್ಪನೆ ಎದ್ದು ನಿಂತಿತು. ಮಡಚಿದರು, ಮಲಗಿತು. ತೆರೆದರು, ಎದ್ದಿತು. ಹೀಗೆ ಐದಾರು ಸಲ.

"ಮನೆ ಚಂದ ಉಂಟು," ಎಂದರು ಕೊನೆಗೆ. "ಆದರೆ ಒಳಗೆ ಹೋಗ್ಬೇಕಾದರೆ ನನ್ನ ಹೆಣ ದಾಟಿ ಹೋಗ್ಬೇಕಲ್ಲ ಮಾಷ್ಟ್ರೇ!"

ಮಧ್ಯಾಹ್ನದ ಹೊತ್ತಿಗೆ ಅತ್ತು ಬಂದವರು ನಲುವತ್ತು ಜನರಾದರು. ಸಾವಿನ ಮನೆಯಲ್ಲಿ ಉಣ್ಣುವ ಹಾಗಿಲ್ಲ; ಸತ್ತವರೇ ಎದುರು ನಿಂತು "ಉಂಡು ಹೋಗಿ" ಎಂದರೆ ಇಲ್ಲವೆನ್ನುವ ಹಾಗೂ ಇಲ್ಲ! ಪ್ರಫುಲ್ಲಾ ಒಲೆಯ ಮುಂದಿನಿಂದ ಏಳಲಿಲ್ಲ. ಮಾಷ್ಟ್ರು ತಾವಾಗಿಯೇ ಬಾವಿಯಿಂದ ನೀರು ಸೇದಿದರು. ಅವರಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಬಾರದೆ ಉಳಿದವರ ಮನೆಗೆ ಮರುದಿನದಿಂದ ಬಾಯಿಮಾತಿನ ಹೇಳಿಕೆ. ಬಂಟ್ವಾಳದಿಂದ ಬಾಡಿಗೆ ಕಾರು ಬಂತು. "ನನ್ನನ್ನೂ ಕರ್ಕೊಂಡು ಹೋಗಿ," ಎಂದರು ಶೆಟ್ಟರು, "ಬರೀ ನಿಮ್ಮ ಮಾತು ಇನ್ನು ಯಾರು ನಂಬ್ತಾರೆ?" ಪ್ರತಿ ಮನೆಯಲ್ಲೂ ಅವರ ಪ್ರಶ್ನೆ ಒಂದೇ: "ನನ್ನ ಸುದ್ದಿ ಬಂದಾಗ ಇಲ್ಲಿ ಯಾರು ಅತ್ತದ್ದು?" ಕಲ್ಲಡ್ಕದವರು ತಡವರಿಸಿದರು. ಆ ದಿನ ಬಂಗುಡೆ ಮೀನಿನ ಸಾರು ಆಗಿತ್ತಂತೆ, ಉಂಡ ಮೇಲೆ ಅತ್ತದ್ದಂತೆ! ಶೆಟ್ಟರು ದಾರಿಯುದ್ದಕ್ಕೂ ನಗುತ್ತ ಬಂದರು. ಪಕ್ಕದಲ್ಲಿ ಮಾಷ್ಟ್ರು ಮಡಿಲಲ್ಲಿ ಕೈಯಿಟ್ಟು ಕುಳಿತಿದ್ದರು.

"ಮಾವ, ಬಾಗಿಲಲ್ಲಿ ನೀವೇ ನಿಲ್ಲಿ. ನನಗೆ ಆ ಯೋಗ್ಯತೆ ಇಲ್ಲ."

"ಅದಾಗ್ಲಿಕ್ಕಿಲ್ಲ! ನೀವೇ ನಿಲ್ಲಬೇಕು. ಭಾಷಣ ಮಾತ್ರ ನಾನು ಹೇಳಿಕೊಡ್ತೇನೆ."

ಭಾನುವಾರ ಕರೆದವರೂ ಬಂದರು, ಕರೆಯದವರೂ ಬಂದರು. ಸತ್ತು ಬದುಕಿದವರನ್ನು ನೋಡುವ ಆಸೆ ಯಾರಿಗಿಲ್ಲ? ಕಮಲಾಕ್ಷ ಮಾಷ್ಟ್ರು ಜರಿಯ ಶಲ್ಯ ಹೊದ್ದು ಹೊಸ ಬಾಗಿಲಲ್ಲಿ, ಎಂಟು ವರ್ಷ ಕನಸು ಕಂಡ ಅದೇ ಜಾಗದಲ್ಲಿ ನಿಂತರು. ಪಾದಧೂಳಿ, ನೂತನ ಗೃಹ ಎಲ್ಲ ಗಂಟಲಲ್ಲೇ ಉಳಿಯಿತು. ಬಂದ ಪ್ರತಿಯೊಬ್ಬರಿಗೂ ಕೈಮುಗಿದು ಶೆಟ್ಟರು ಕಲಿಸಿದ ಪಾಠ ಒಪ್ಪಿಸಿದರು:

"ಬನ್ನಿ, ಮಾವ ಬದುಕಿದ್ದಾರೆ. ಒಳಗೆ ಕೂತಿದ್ದಾರೆ."

ಇನ್ನೂರು ಸಲ! ಮುಹೂರ್ತದ ಹೊತ್ತಿಗೆ ಸ್ವರ ಬಿದ್ದುಹೋಯಿತು. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. ಆಗ ಪ್ರಫುಲ್ಲಾ ಒಳಗಿನಿಂದ ಬಂದಳು, ಕೈಯಲ್ಲಿ ಅದೇ ಅರಸಿನ ಕುಂಕುಮದ ಬಟ್ಟಲು. ಗಂಡನ ಶಲ್ಯದ ಒಂದು ಮೂಲೆ ಹಿಡಿದು ಅರಸಿನ ಹಚ್ಚಿದಳು. ಮತ್ತೆ ಇನ್ನೊಂದು ಮೂಲೆಗೆ.

"ಏ, ಏ! ಹೊಸ ಶಲ್ಯ! ಇದೆಲ್ಲ ಎಂತಕ್ಕೆ?"

"ಮಾತಾಡಬೇಡಿ," ಎಂದಳು ಪ್ರಫುಲ್ಲಾ, ಮೂರನೆಯ ಮೂಲೆ ಹುಡುಕುತ್ತ. "ನಿಮ್ಮ ಮುಖ ನೋಡಿ ಈಗಷ್ಟೇ ಇಬ್ಬರು ಸಾವಿನ ಮನೆ ಅಂತ ತಿರುಗಿ ಹೋದರು."