ಹಸಿರು ಡಬ್ಬಿಗೆ ಬಿದ್ದ ಗಂಟು

ಯಾವ ವಿಷಯಕ್ಕೂ ಎರಡು ಕಡೆಯ ವಾದ ಕೇಳಿದರೆ ನನಗೆ ಎರಡೂ ಸರಿ ಅನ್ನಿಸುತ್ತವೆ. ಕೆಲವರು ಇದನ್ನು ಸಮಾಧಾನದ ಸ್ವಭಾವ ಅನ್ನುತ್ತಾರೆ, ನನ್ನ ಹೆಂಡತಿ ತಲೆಯಿಲ್ಲದ ಸ್ವಭಾವ ಅನ್ನುತ್ತಾಳೆ. ಅದೂ ಸರಿ ಅನ್ನಿಸುತ್ತದೆ. ಕುಷ್ಟಗಿಯ ನಮ್ಮ ಕಾಲೊನಿಯವರು ನನ್ನನ್ನು ಸಂಘದ ಅಧ್ಯಕ್ಷನನ್ನಾಗಿ ಮಾಡಿದ್ದು ಈ ಗುಣವನ್ನು ಮೆಚ್ಚಿ ಅಲ್ಲ. ಆಯ್ಕೆಯ ದಿನ ನಾನು ತಾವರಗೇರಾಕ್ಕೆ ಒಂದು ಮದುವೆಗೆ ಹೋಗಿದ್ದೆ. ಸಭೆಗೆ ಬಾರದವನನ್ನು ಅಧ್ಯಕ್ಷ ಮಾಡುವುದು ನಮ್ಮಲ್ಲಿ ರೂಢಿ, ಏಕೆಂದರೆ ಬಂದವರೆಲ್ಲ ಒಲ್ಲೆ ಅನ್ನುತ್ತಾರೆ.

ಹಾಗೆ ಅಧ್ಯಕ್ಷನಾದ ತಿಂಗಳಲ್ಲೇ ಒಂದು ಕಂಪನಿಯವರು ಬಂದು ಕಾಲೊನಿಯ ಮೂಲೆಯಲ್ಲಿ ಆಳೆತ್ತರದ ಹಸಿರು ಕಬ್ಬಿಣದ ಡಬ್ಬಿ ನಿಲ್ಲಿಸುತ್ತೇವೆ ಎಂದರು. ಅವರು ತೋರಿಸಿದ ಚಿತ್ರದಲ್ಲಿ ಅದರ ಮೇಲೆ ‘ನಿಮ್ಮ ಹಳೆಯ ಬಟ್ಟೆ, ಬಡವರ ಮೈಗೆ ಬೆಚ್ಚನೆ ಹೊದಿಕೆ’ ಎಂದು ಬರೆದಿತ್ತು. ಓದಿ ನನಗೆ ಕಣ್ಣು ತುಂಬಿ ಬಂತು. ಅವರು ಕೊಟ್ಟ ನಾಲ್ಕು ಪುಟದ ಕಾಗದವನ್ನು ಮಾತ್ರ ಓದಲಿಲ್ಲ, ಸಹಿ ಮಾಡಿದೆ. ತಹಸೀಲ್ ಕಚೇರಿಯಲ್ಲಿ ಮೂವತ್ತು ವರ್ಷ ಮಾಡಿದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಉದ್ಘಾಟನೆಗೆ ಎಲ್ಲರೂ ಮೊಬೈಲು ಹಿಡಿದು ನಿಂತಾಗ, ಮೊದಲ ಗಂಟು ಅಧ್ಯಕ್ಷರದೇ ಆಗಬೇಕೆಂದರು. ನಾನು ಮನೆಗೆ ಓಡಿದೆ. ಹೆಂಡತಿ ಕಾಯಿಪಲ್ಲೆ ತರಲು ಹೋಗಿದ್ದಳು. ಅವ್ವನ ಮಂಚದ ಕೆಳಗೆ ಧೋತರದಲ್ಲಿ ಕಟ್ಟಿದ ಹಳೆಯ ಸೀರೆಗಳ ಗಂಟೊಂದು ಕಂಡಿತು. ತಂದು ಡಬ್ಬಿಯ ಬಾಯಿಗೆ ತುರುಕಿದೆ. ಫೋಟೋ ಛಲೋ ಬಂತು.

ಮಧ್ಯಾಹ್ನ ಅವ್ವ ಕೇಳಿದಳು, “ಲೇ ಶರಣ್ಯಾ, ಮಂಚದ ಬುಡಕಿನ ಗಂಟು ಎಲ್ಲಿ ಹೋತೋ?”

ಹೆಮ್ಮೆಯಿಂದ ಹೇಳಿದೆ. ಅವ್ವ ಗೋಡೆಗೆ ಒರಗಿ ಕೂತುಬಿಟ್ಟಳು. “ಗಿರಿಜಾನ ಕೂಸಿಗಿ ಕೌದಿ ಹೊಲೀಬೇಕಂತ ಇಟ್ಟಿದ್ನೆಲ್ಲೋ! ನಿನ್ನ ಎತ್ತಿ ಆಡಿಸಿದಾಗ ಉಟ್ಟ ಸೀರಿ ಐತಿ ಅದರಾಗ. ಮ್ಯಾಲೆ ಕಟ್ಟಿದ್ದು ನಿಮ್ಮಪ್ಪನ ಧೋತರ.”

ಗಿರಿಜಾ ನನ್ನ ಮಗಳು. ಬರುವ ತಿಂಗಳು ಅವಳ ಹೆರಿಗೆ. ಹುಟ್ಟಿದ ಕೂಸನ್ನು ಹಿರಿಯರ ಹಳೆಯ ಸೀರೆ ಜೋಡಿಸಿ ಹೊಲಿದ ಕೌದಿಯ ಮೇಲೆ ಮಲಗಿಸುವುದು ನಮ್ಮ ಮನೆಯಲ್ಲಿ ಎಂದೂ ತಪ್ಪಿಲ್ಲ. ನಾನೂ ಹಾಗೇ ಮಲಗಿದವನು, ಬಹುಶಃ ಅಂದಿನಿಂದ ಪೂರ್ತಿ ಎದ್ದೇ ಇಲ್ಲ. ಅವ್ವ ಬೈದಿದ್ದರೆ ಬಚಾವಾಗುತ್ತಿದ್ದೆ. ಅವಳು ಬೈಯಲಿಲ್ಲ, ರೊಟ್ಟಿಯನ್ನೂ ಮುಟ್ಟಲಿಲ್ಲ.

ಕಂಪನಿಗೆ ಫೋನು ಮಾಡಿದೆ. ಕೀಲಿ ಗಂಗಾವತಿಯಲ್ಲಿದೆ, ಗುರುವಾರ ಗಾಡಿ ಬರುತ್ತದೆ, ಒಳಗೆ ಬಿದ್ದದ್ದು ಕಂಪನಿಯದು, ಸಹಿ ಮಾಡಿದ ಕಾಗದ ಓದಿಕೊಳ್ಳಿ ಎಂದರು. ಓದಿದೆ. ಕೂಡಿಸಿದ ಬಟ್ಟೆಯನ್ನು ಕಂಪನಿ ಮಾರುತ್ತದೆ, ಲಾಭ ಕಂಪನಿಯದೇ ಎಂದು ಮೂರನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಆ ಹೊತ್ತಿಗೆ ನಿವೃತ್ತ ಶಿಕ್ಷಕರಾದ ಬಸವರಾಜ ಮಾಸ್ತರರಿಗೂ ಈ ಸುದ್ದಿ ಮುಟ್ಟಿ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು.

“ಇದು ದಾನ ಅಲ್ರಿ, ದಂಧೆ! ಬಡವರ ಹೆಸರ ಮ್ಯಾಲೆ ವ್ಯಾಪಾರ! ನಾಳೆನ ಕಿತ್ತು ಊರ ಹೊರಗ ಒಗೀರಿ,” ಎಂದರು ಮಾಸ್ತರರು. ನಾನು ಚಪ್ಪಾಳೆ ತಟ್ಟಿದೆ.

ಕಿರಾಣಿ ಅಂಗಡಿಯ ವೀರಣ್ಣ ಎದ್ದ. “ಮಾರಿದ್ರ ಏನಾತ್ರಿ? ಹರಕ ಅರಿವಿ-ಬಟ್ಟಿ ಮನ್ಯಾಗ ಇಟ್ಗೊಂಡು ಪೂಜಾ ಮಾಡ್ತೀರೇನು? ಗಟಾರದಾಗ ಒಗಿಯೂದರ ನಿಲ್ತೈತಿ.” ನಾನು ಮತ್ತೆ ಚಪ್ಪಾಳೆ ತಟ್ಟಿದೆ.

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ತಲೆಯಲ್ಲಿ ಬೇರೆಯೇ ಗಿರಕಿ. ಕುಕನೂರಿನಿಂದ ಸ್ಟೀಲು ಪಾತ್ರೆಯ ಬುಟ್ಟಿ ಹೊತ್ತು ಬರುವ ದ್ಯಾಮವ್ವನೂ ಪಾತ್ರೆಗೆ ಬದಲಾಗಿ ನಮ್ಮ ಹಳೆಯ ಬಟ್ಟೆ ಒಯ್ದು ಮಾರುತ್ತಾಳೆ. ಅವಳನ್ನು ಯಾರೂ ದಂಧೆಯವಳು ಅನ್ನುವುದಿಲ್ಲ, ಬದಲಿಗೆ ಇನ್ನೊಂದು ಬಟ್ಟಲಿಗೆ ಜಗಳ ಆಡುತ್ತೇವೆ. ಆದರೆ ಅವಳು ಬಡವರ ಹೆಸರು ಹೇಳುವುದಿಲ್ಲ, ಬಟ್ಟಲನ್ನೂ ಕೊಡುತ್ತಾಳೆ. ಹಾಗಾದರೆ ತಪ್ಪು ಮಾರುವುದರಲ್ಲೋ, ಬರೆದದ್ದರಲ್ಲೋ, ಬಟ್ಟಲು ಕೊಡದೆ ಇದ್ದುದರಲ್ಲೋ? ಏನೂ ಬಗೆಹರಿಯಲಿಲ್ಲ. ಡಬ್ಬಿ ಕಿತ್ತರೆ ನಮ್ಮ ಗಂಟಿನ ಗತಿಯೇನು ಎಂಬುದೊಂದೇ ಗೊತ್ತಿತ್ತು. “ಗುರುವಾರದ ತನಕ ತಡೀರಿ,” ಎಂದೆ.

“ಅಧ್ಯಕ್ಷರು ಕಂಪನಿ ಕಡೆ ಹೊಳ್ಯಾರ,” ಎಂದರು ಮಾಸ್ತರರು.

ಗುರುವಾರ ಗಾಡಿ ಬಂತು. ಅವ್ವ ಕೋಲು ಊರಿಕೊಂಡು ಎಲ್ಲರಿಗಿಂತ ಮೊದಲೇ ಹೋಗಿ ನಿಂತಿದ್ದಳು. ಗಾಡಿಯವನು ಕೀಲಿ ತೆಗೆದು ಒಂದೊಂದೇ ಹೊರಗೆಳೆದ. ತೂತು ಬಿದ್ದ ಬನಿಯನ್, ಲಾಡಿಯಿಲ್ಲದ ಲಂಗ, ಜೋಡಿಯಿಲ್ಲದ ಕಾಲುಚೀಲ, ಇಲಿ ಕಡಿದ ಪರದೆ. ತಮ್ಮ ತಮ್ಮ ಸಾಮಾನು ಹೊರಬಂದಾಗ ಜನ ಆಕಾಶ ನೋಡಿದರು. ಕೊನೆಗೆ ನಮ್ಮ ಗಂಟು ಬಂತು. ಅವನು ಬಿಚ್ಚಿ ನೋಡಿ ಬೆರಗಾದ.

“ಇಡೀ ಓಣ್ಯಾಗ ಒಬ್ರರ ಮನಸ್ಸಿಟ್ಟು ಕೊಟ್ಟಾರ ನೋಡ್ರಿ! ತೊಳದು, ಮಡಚಿ ಕಟ್ಯಾರ. ಯಾರದ್ರಿ ಇದು?”

ನನ್ನ ಕೈ ತಾನಾಗಿಯೇ ಅರ್ಧ ಮೇಲೆದ್ದಿತು.

“ಕೊಟ್ಟಾವ ಅವ. ಅರಿವಿ ನಂದು,” ಎಂದಳು ಅವ್ವ.

ಜನ ನಕ್ಕರು. ಅವನು ನಗಲಿಲ್ಲ, ಗಂಟನ್ನು ಮತ್ತೆ ಕಟ್ಟಿ ಅವ್ವನ ಕೈಗಿಟ್ಟ. “ತಗೋರಿ ಯಮ್ಮಾ, ಯಾರರ ಕೇಳಿದ್ರ ನಾ ನೋಡೇ ಇಲ್ಲ.”

“ತಮ್ಮಾ, ಖರೇ ಹೇಳು, ಇವು ಬಡವರಿಗಿ ಹೋಗ್ತಾವೇನು?” ಎಂದು ಅವ್ವ ಅವನನ್ನು ಕೇಳಿದಳು.

“ಇಲ್ರಿ ಯಮ್ಮಾ. ಛಲೋವು ಸಂತ್ಯಾಗ ಮಾರ್ತಾರ, ಹರಕವು ಗ್ಯಾರೇಜಿನ್ಯಾಗ ಒರಸಾಕ ಹೋಗ್ತಾವ. ನನ್ನ ಪಗಾರ ಅದರಾಗ ಐತ್ರಿ.”

“ಮತ್ತ ಅದನ್ನ ಬರೀಬೇಕಿಲ್ಲೋ ಡಬ್ಬಿ ಮ್ಯಾಲೆ!” ಎಂದಳು ಅವ್ವ.

ಸಭೆಗೆ ಆಗದಿದ್ದ ತೀರ್ಮಾನ ಅಲ್ಲೇ ಆಯಿತು. ಡಬ್ಬಿ ಇರಲಿ, ಸುಳ್ಳು ಹೋಗಲಿ. ಮಾಸ್ತರರೇ ಬಣ್ಣ ತಂದು ಹಳೆಯದನ್ನು ಅಳಿಸಿ, ‘ಇಲ್ಲಿ ಹಾಕಿದ ಬಟ್ಟೆಯನ್ನು ಕಂಪನಿ ಮಾರುತ್ತದೆ’ ಎಂದು ದುಂಡಗೆ ಬರೆದರು. ಅವ್ವ ಪಡಸಾಲೆಯಲ್ಲಿ ಕೂತು ಕೌದಿಗೆ ಸೂಜಿ ಹಾಕಿದಳು, ರೊಟ್ಟಿಯನ್ನೂ ಉಂಡಳು. ನನಗೆ ಜೀವ ಬಂದಂತಾಯಿತು.

ಆದರೆ ಅಂದಿನಿಂದ ಡಬ್ಬಿ ಖಾಲಿ. ಬಡವರಿಗೆ ಎಂದಿದ್ದಾಗ ತೂತು ಬನಿಯನ್ನು ಹಾಕಲು ಅಂಜದವರೆಲ್ಲ, ಮಾರುತ್ತಾರೆ ಎಂದೊಡನೆ, ಕೊಳ್ಳುವವರ ಕಣ್ಣಿಗೆ ಬೀಳುವ ಬಟ್ಟೆ, ಹರಕು ಹೇಗೆ ಹಾಕುವುದು ಎಂದು ನಾಚುತ್ತಿದ್ದಾರೆ. ಇದು ಯಾವ ನ್ಯಾಯವೋ ನನಗೆ ತಿಳಿಯದು. “ಈ ಸಲ ನಿಂದ ಒಂದು ಹಾಕೋ,” ಎಂದು ಅವ್ವ ಹೇಳಿದ್ದಕ್ಕೆ ಒಂದು ಅಂಗಿ ತೆಗೆದೆ. ಕಾಲರು ಹರಿದಿತ್ತು. ನನಗೂ ನಾಚಿಕೆಯಾಗಿ ದರ್ಜಿಯ ಹತ್ತಿರ ಒಯ್ದು ಕಾಲರು ತಿರುಗಿಸಿ ಹೊಲಿಸಿ, ಇಸ್ತ್ರಿ ಮಾಡಿಸಿದೆ. ತೊಟ್ಟು ನೋಡಿದರೆ ಭಾಳ ಛಲೋ ಕಂಡಿತು. ಅದನ್ನೇ ತೊಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.