ಒಂಬತ್ತು ಇಪ್ಪತ್ತಕ್ಕೆ ಹೊರಟು ಒಂಬತ್ತು ಹತ್ತಕ್ಕೆ ತಲುಪಿದವಳು

ಮೂರನೇ ಕ್ಲಾಸಿಗೆ ಗಡಿಯಾರದ ಪಾಠ ಮಾಡುವಾಗೆಲ್ಲ ನನ್ನ ಮರ್ಯಾದೆ ಸ್ವಲ್ಪ ಸ್ವಲ್ಪ ಹೋಗುವುದು ಮಾಮೂಲು. ಹದಿನೆಂಟು ವರ್ಷಗಳಿಂದ ಹೋಗುತ್ತಲೇ ಇದೆ, ಇನ್ನೂ ಪೂರ್ತಿ ಮುಗಿದಿಲ್ಲ ಎಂಬುದೇ ಆಶ್ಚರ್ಯ. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ ಇರುವ ಸಣ್ಣ ಸರಕಾರಿ ಶಾಲೆ ನಮ್ಮದು. ಮೂರನೇ ಕ್ಲಾಸಿನಲ್ಲಿ ಇಪ್ಪತ್ತೆರಡು ಮಕ್ಕಳು. ಈ ವರ್ಷ ಆದದ್ದನ್ನು ಹೇಳಿದರೆ ನೀವು ನಗುತ್ತೀರಿ, ನಗಬೇಕಾದ್ದೇ. ನನಗೆ ಮಾತ್ರ ಪೂರ್ತಿ ನಗಲಿಕ್ಕೆ ಆಗುವುದಿಲ್ಲ. ಯಾಕೆಂದರೆ ಎರಡನೇ ಬೆಂಚಿನ ಒಂದು ಹುಡುಗಿ ನನ್ನಿಂದಾಗಿ ನಾಲ್ಕು ತಿಂಗಳು ಕ್ಲಾಸಿನಲ್ಲಿ ಬಾಯಿಯನ್ನೇ ಬಿಡಲಿಲ್ಲ.

೧. ರಾಕೆಟ್

ಜುಲೈಯಲ್ಲಿ ಒಂದು ಮನೆಕೆಲಸ ಕೊಟ್ಟೆ. ಬೆಳಿಗ್ಗೆ ಏಳುವುದು, ಹಲ್ಲುಜ್ಜುವುದು, ತಿಂಡಿ ತಿನ್ನುವುದು, ಮನೆಯಿಂದ ಹೊರಡುವುದು, ಶಾಲೆಗೆ ತಲುಪುವುದು, ಇದೆಲ್ಲ ಎಷ್ಟು ಗಂಟೆಗೆ ಎಂದು ಗಡಿಯಾರ ನೋಡಿ ಬರೆದು ತರಬೇಕು. ಹೆಚ್ಚಿನವರು ಗಡಿಯಾರ ನೋಡದೆ ಪಕ್ಕದವನ ಪುಸ್ತಕ ನೋಡಿ ಬರೆದಿದ್ದರು. ಹೀಗಾಗಿ ಹನ್ನೊಂದು ಮಕ್ಕಳು ಒಂದೇ ನಿಮಿಷಕ್ಕೆ ಹಲ್ಲುಜ್ಜಿದ್ದರು.

ಎರಡನೇ ಬೆಂಚಿನ ಹುಡುಗಿಯದ್ದು ಮುತ್ತಿನಂಥ ಅಕ್ಷರ. ಕ್ಲಾಸಿನಲ್ಲಿ ಅವಳಷ್ಟು ಮಾತನಾಡುವವರೂ ಇರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಕೈ ಮೇಲೆ. ಅವಳು ಬರೆದದ್ದು ಹೀಗೆ: ಮನೆಯಿಂದ ಹೊರಟದ್ದು ಒಂಬತ್ತು ಇಪ್ಪತ್ತು, ಶಾಲೆಗೆ ತಲುಪಿದ್ದು ಒಂಬತ್ತು ಹತ್ತು.

ನಾನು ಪುಸ್ತಕವನ್ನು ಎತ್ತಿ ಹಿಡಿದು, "ಹೊರಡುವ ಮೊದಲೇ ತಲುಪಿದ್ದೀಯಲ್ಲ ಮಾರಾಯ್ತಿ! ರಾಕೆಟ್ಟಿನಲ್ಲಿ ಬಂದದ್ದಾ?" ಎಂದು ಗಟ್ಟಿಯಾಗಿ ನಕ್ಕೆ. ಮೇಷ್ಟ್ರು ನಕ್ಕರೆ ಕ್ಲಾಸಿಗೆ ಲೈಸೆನ್ಸ್ ಸಿಕ್ಕಿದ ಹಾಗೆ. ಎಲ್ಲರೂ ನಕ್ಕರು. ಸಂಜೆಯೊಳಗೆ ಅವಳ ಹೆಸರು ರಾಕೆಟ್ ಆಯಿತು. ಅವಳು ಏನೋ ಹೇಳಲಿಕ್ಕೆ ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಬಾಯಿ ಮುಚ್ಚಿ ಕೂತಳು. ಆಮೇಲೆ ನಾನು ಏನು ಕೇಳಿದರೂ ತಲೆ ಆಡಿಸುವುದು ಮಾತ್ರ.

ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಸ್ಟಾಫ್ ರೂಮಿಗೆ ಹೋಗಿ ಚಹಾದ ಜೊತೆ ಇದನ್ನೇ ಹೇಳಿ ಇನ್ನೊಮ್ಮೆ ನಕ್ಕೆ. ಮುಖ್ಯ ಶಿಕ್ಷಕಿಯೊಬ್ಬರೇ ನಗಲಿಲ್ಲ. "ಮಕ್ಕಳು ಒಂಬತ್ತು ಹತ್ತಕ್ಕೆ ಬರ್ತಾರಾದ್ರೆ, ನೀವು ಎಂತಕ್ಕೆ ಒಂಬತ್ತು ನಲವತ್ತಕ್ಕೆ ಬರುವುದು?" ಎಂದು ಕೇಳಿದರು.

೨. ಅಧ್ಯಕ್ಷರ ತಟ್ಟೆ

ಒಂದು ವಾರ ಕಳೆದ ಮೇಲೆ ಕ್ಲಾಸಿನಲ್ಲಿ ಏನೋ ಕಡಿಮೆಯಾಗಿದೆ ಅನಿಸಿತು. ಏನೆಂದು ನೋಡಿದರೆ ಅವಳ ಗಲಾಟೆ. ಮನಸ್ಸಿಗೆ ಕಸಿವಿಸಿಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುವವನು ನಾನೇ. ಕ್ಷಮೆ ಕೇಳಿದರೆ ಆಗುತ್ತಿತ್ತು. ಆದರೆ ಎಂಟು ವರ್ಷದ ಮಗುವಿನ ಹತ್ತಿರ ಮೇಷ್ಟ್ರು ಕ್ಷಮೆ ಕೇಳುವುದುಂಟೇ ಎಂಬ ಜಂಬ. ಅದೂ ಅಲ್ಲದೆ ಅವಳು ಬರೆದದ್ದು ತಪ್ಪು ಎಂದೇ ನಾನು ತಿಳಿದುಕೊಂಡಿದ್ದೆ. ಹಾಗಾಗಿ ಉಪಾಯ ಮಾಡಿದೆ.

ಹಾಳೆತಟ್ಟೆಯಲ್ಲಿ ಗಡಿಯಾರ ಮಾಡುವ, ಎಂದೆ. ಮಕ್ಕಳೆಲ್ಲ ಮನೆಯಿಂದ ಒಂದೊಂದು ಅಡಿಕೆ ಹಾಳೆಯ ತಟ್ಟೆ ತಂದರು. ಸುತ್ತಲೂ ಒಂದರಿಂದ ಹನ್ನೆರಡು ಬರೆದು, ನಡುವೆ ಮುಳ್ಳು ಸಿಕ್ಕಿಸಲಿಕ್ಕೆ ತೂತು ಮಾಡಿದೆವು. ಅವಳ ತಟ್ಟೆಯೇ ಎಲ್ಲರಿಗಿಂತ ಚಂದ. "ಭಾರಿ ಚಂದ ಆಗಿದೆ, ನಾಳೆ ಮುಳ್ಳು ಸಿಕ್ಕಿಸಿ ನೀನೇ ಎಲ್ಲರಿಗೂ ಗಂಟೆ ಹೇಳಿಕೊಡು" ಎಂದೆ. ಅವಳ ಮುಖದಲ್ಲಿ ಸಣ್ಣ ನಗೆ ಬಂತು. ನಾಳೆ ಇವಳು ಮಾತನಾಡುತ್ತಾಳೆ ಎಂದು ನನಗೂ ಖುಷಿಯಾಯಿತು. ತಟ್ಟೆಗಳನ್ನೆಲ್ಲ ಒಟ್ಟು ಮಾಡಿ ಅಡುಗೆ ಕೋಣೆಯ ಹೊರಗಿನ ಕಟ್ಟೆಯ ಮೇಲೆ ಇಟ್ಟೆ. ನನ್ನ ಬುದ್ಧಿಗೆ ಅದಕ್ಕಿಂತ ಒಳ್ಳೆಯ ಜಾಗ ಹೊಳೆಯಲಿಲ್ಲ.

ಮರುದಿನ ಶಾಲಾ ಸಮಿತಿಯ ಮೀಟಿಂಗು. ಸಮಿತಿಯವರಿಗೆ ಶಾಲೆಯಲ್ಲೇ ಊಟ. ಅಡುಗೆಯಕ್ಕ ಕಟ್ಟೆಯ ಮೇಲಿನ ತಟ್ಟೆಗಳನ್ನು ಒರೆಸಿ ಬಡಿಸಿಯೇ ಬಿಟ್ಟಿದ್ದರು. ಅಧ್ಯಕ್ಷರು ಆ ದಿನ ಇಸ್ತ್ರಿ ಹಾಕಿದ ಬಿಳಿ ಪಂಚೆ ಉಟ್ಟು ಬಂದಿದ್ದರು. ಬೆಂಚಿನ ಮೇಲೆ ಕೂತು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಅನ್ನ ಕಲಸಿದರು. ನಡುವಿನ ತೂತಿನಿಂದ ಸಾಂಬಾರು ಇಳಿಯಿತು.

"ಇದು ಎಂತ ತಟ್ಟೆ ಮಾರಾಯ್ರೆ?" ಎಂದು ಅವರು ಹಾರಿ ಎದ್ದರು. ಅಡುಗೆಯಕ್ಕ ಧೈರ್ಯವಾಗಿ, "ನಂಬರ್ ಎಲ್ಲ ಹಾಕಿ ಉಂಟು, ಹೊಸ ಕಂಪೆನಿಯದ್ದು ಅಂತ ನಾನು ಎಣಿಸಿದ್ದು" ಎಂದರು.

ಅಧ್ಯಕ್ಷರ ಕೈಯಲ್ಲಿ ಇದ್ದದ್ದು ಆ ಹುಡುಗಿಯ ಗಡಿಯಾರವೇ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಬಂದ ಅವಕಾಶ ಸಾಂಬಾರಿನ ಜೊತೆ ಇಳಿದುಹೋಯಿತು ಎಂದು ನಾನು ತಲೆ ಚಚ್ಚಿಕೊಂಡೆ. ಅಧ್ಯಕ್ಷರು ದೊಡ್ಡ ಮನಸ್ಸಿನವರು, ಬೈಯಲಿಲ್ಲ. ಸಭೆಯ ಕೊನೆಗೆ ಎದ್ದು ನಿಂತು, "ಊಟ ಒಳ್ಳೆದಿತ್ತು. ಮೂರು ಗಂಟೆಗೆ ಉಪ್ಪಿನಕಾಯಿ, ಒಂಬತ್ತು ಗಂಟೆಗೆ ಪಲ್ಯ ಸಿಕ್ಕಿದೆ. ಸಾಂಬಾರು ಯಾವಾಗ ಹೋಯ್ತು ಅಂತ ಗೊತ್ತಾಗಲಿಲ್ಲ" ಎಂದರು.

೩. ಎಂಟೂ ಕಾಲಿಗೆ ಬಸ್ಸಿಲ್ಲ

ಮತ್ತೊಂದು ದಿನ ಬೋರ್ಡಿನಲ್ಲಿ ಎಂಟೂ ಕಾಲು ತೋರಿಸುವ ಗಡಿಯಾರ ಬರೆದು, ಅವಳ ಹತ್ತಿರ ಹೋಗಿ ಮೆಲ್ಲಗೆ, "ಇದು ಎಷ್ಟು ಗಂಟೆ, ನೀನೇ ಹೇಳು ನೋಡುವ" ಎಂದೆ. ಅವಳು ಎದ್ದು ನಿಂತು ನೆಲ ನೋಡಿದಳು. ನಾನು ಕಾದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಬಸ್ ಕಂಡಕ್ಟರರ ಮಗ ಎದ್ದು, "ಸರ್, ಹಾಗೆ ಒಂದು ಟೈಮು ಇಲ್ಲ" ಎಂದ.

"ಇಲ್ಲ ಅಂದರೆ?"

"ಎಂಟು ಹದಿಮೂರಕ್ಕೆ ಒಂದು ಬಸ್ಸುಂಟು. ಎಂಟು ಹದಿನೇಳಕ್ಕೆ ಇನ್ನೊಂದು. ಎಂಟು ಹದಿನೈದಕ್ಕೆ ಹೋದ್ರೆ ಆ ಎರಡು ನಿಮಿಷಕ್ಕೆ ಬಸ್ಸಿನವರೊಳಗೆ ಗಲಾಟೆ ಆಗ್ತದೆ ಸರ್. ಸ್ಟ್ಯಾಂಡಿನ ಟೈಮ್ ಕೀಪರ್ ಬಿಡುವುದಿಲ್ಲ."

ಅವಳನ್ನು ಮಾತನಾಡಿಸುವ ನನ್ನ ತಯಾರಿಯೆಲ್ಲ ಹಾಳಾಯಿತು. ಸಿಟ್ಟು ಬಂದು ಅವನಿಗೆ ಸೊನ್ನೆ ಹಾಕಿದೆ. ಆ ಸೊನ್ನೆ ಮಾರ್ಕಿನ ಪುಸ್ತಕದಲ್ಲಿ ಇನ್ನೂ ಇದೆ. ಈಗ ದಿನಾ ಬೆಳಿಗ್ಗೆ ನಾನು ಬಸ್ ಸ್ಟಾಪಿಗೆ ಹೋಗುವುದು ಮಾತ್ರ ಅವನು ಹೇಳಿದ ಟೈಮಿಗೆ.

೪. ಅದು ನಮ್ಮ ಗಂಟೆ

ದೀಪಾವಳಿ ಕಳೆದ ಮೇಲೆ ನಮಗೆ ಮನೆ ಮನೆ ಸರ್ವೆಯ ಕೆಲಸ ಬಂತು. ಅವಳ ಮನೆಗೂ ಹೋದೆ. ಶಾಲೆಯಿಂದ ಹತ್ತು ನಿಮಿಷದ ದಾರಿ. ಅಮ್ಮ ಜಗಲಿಯಲ್ಲಿ ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅಜ್ಜಿ ಪಕ್ಕದಲ್ಲಿ. ಹುಡುಗಿ ನನ್ನನ್ನು ಕಂಡವಳೇ ಒಳಗೆ ಓಡಿ ಬಾಗಿಲ ಹಿಂದೆ ನಿಂತಳು. ಮೊಬೈಲಿನಲ್ಲಿ ಸರ್ವೆಯ ಆ್ಯಪ್ ತಿರುಗಿ ತಿರುಗಿ ಕೊನೆಗೆ ಚಾರ್ಜೇ ಮುಗಿಯಿತು. ಆಗ ಬಿಸಿ ಚಹಾ ಬಂತು. ಒಂದು ಗುಟುಕು ಕುಡಿದು ಗೋಡೆಯತ್ತ ನೋಡಿದರೆ ಗಡಿಯಾರದಲ್ಲಿ ಐದೂ ಇಪ್ಪತ್ತೈದು. ನನ್ನ ಬಸ್ಸು ಐದೂ ಇಪ್ಪತ್ತಕ್ಕೆ!

ಉಳಿದ ಚಹಾ ಒಂದೇ ಸಲ ಬಾಯಿಗೆ ಸುರಿದು, ನಾಲಿಗೆ ಸುಟ್ಟುಕೊಂಡು, ಚಪ್ಪಲಿ ಹುಡುಕಲು ಓಡಿದೆ. ಅಮ್ಮ ತಲೆ ಎತ್ತದೆ, "ಕೂತ್ಕೊಳ್ಳಿ ಸರ್, ಅದು ನಮ್ಮ ಗಂಟೆ" ಎಂದರು. "ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡ್ಲಿಕ್ಕೆ ಲೇಟಾದ್ರೆ ತೆಗೊಳ್ಳುವುದಿಲ್ಲ. ಅದಕ್ಕೆ ಇಪ್ಪತ್ತು ನಿಮಿಷ ಮುಂದೆ ಇಟ್ಟದ್ದು."

ಚಪ್ಪಲಿ ಕೈಯಲ್ಲಿ ಹಿಡಿದೇ ನಿಂತೆ. ಒಂಬತ್ತು ಇಪ್ಪತ್ತರಲ್ಲಿ ಇಪ್ಪತ್ತು ಕಳೆದರೆ ಒಂಬತ್ತು. ಹತ್ತು ನಿಮಿಷದ ದಾರಿ. ಒಂಬತ್ತು ಹತ್ತು. ಇಪ್ಪತ್ತೆರಡು ಮಕ್ಕಳಲ್ಲಿ ಮನೆಯದ್ದು, ಶಾಲೆಯದ್ದು ಎರಡು ಗಡಿಯಾರವನ್ನೂ ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆದವಳು ಇವಳೊಬ್ಬಳೇ. ನರಿಕೊಂಬಿನಲ್ಲಿ ನನ್ನ ಮನೆಯ ಗಡಿಯಾರವೂ ಹತ್ತು ನಿಮಿಷ ಮುಂದೆಯೇ ಓಡುತ್ತದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಇನ್ನೊಬ್ಬರ ತಟ್ಟೆಯ ನೊಣ ಹುಡುಕಿದವನು ನಾನು. ನಾಚಿಕೆಯಾಯಿತು. ಸುಟ್ಟ ನಾಲಿಗೆಗಿಂತ ಅದೇ ಹೆಚ್ಚು ಉರಿಯಿತು.

"ನಿಮ್ಮ ಮಗಳು ಮನೆಯಲ್ಲಿ ಮಾತಾಡ್ತಾಳಾ?" ಎಂದು ಹೆದರಿಕೊಂಡೇ ಕೇಳಿದೆ.

"ಅಯ್ಯೋ ಸರ್, ಬಾಯಿ ನಿಲ್ಲುವುದಿಲ್ಲ. ಶಾಲೆಯದ್ದು ಒಂದೂ ಬಿಡದೆ ಹೇಳ್ತಾಳೆ" ಎಂದರು ಅಮ್ಮ.

ಇಷ್ಟು ಹೊತ್ತು ನನ್ನನ್ನೇ ದಿಟ್ಟಿಸುತ್ತಿದ್ದ ಅಜ್ಜಿ ಹುಡುಗಿಯ ಅಮ್ಮನ ಕಡೆ ಬಾಗಿ, ನನಗೆ ಚೆನ್ನಾಗಿ ಕೇಳುವ ಹಾಗೆ, "ಪಂಚೆಗೆ ಸಾಂಬಾರು ಹಾಕಿಸಿದ ಮಾಸ್ಟ್ರು ಇವರೇಯಾ?" ಎಂದು ಕೇಳಿದರು.

೫. ಬಾಯಿ ಬಿಡದ ಕಾರಣ

ಮರುದಿನ ಮೊದಲ ಪೀರಿಯಡ್ಡಿನಲ್ಲೇ ಕ್ಲಾಸಿನ ಎದುರು ನಿಂತೆ. ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತನ್ನು ಹೇಳಿದೆ: "ಜುಲೈಯಲ್ಲಿ ಇವಳು ಬರೆದದ್ದು ಸರಿ ಇತ್ತು. ಅವರ ಮನೆಯ ಗಂಟೆ ಇಪ್ಪತ್ತು ನಿಮಿಷ ಮುಂದೆ. ನಾನು ವಿಚಾರಿಸದೆ ನಕ್ಕದ್ದು ತಪ್ಪು. ಇನ್ನು ಯಾರೂ ಅವಳನ್ನು ರಾಕೆಟ್ ಅಂತ ಕರೆಯಬಾರದು."

ಮಕ್ಕಳು ಮುಖ ಮುಖ ನೋಡಿಕೊಂಡರು. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ನನಗೆ ಸಂಶಯ ಬಂತು. "ಯಾರ ಮನೆಯ ಗಂಟೆಯೆಲ್ಲ ಮುಂದೆ ಉಂಟು? ಕೈ ಎತ್ತಿ" ಎಂದೆ. ಇಪ್ಪತ್ತೆರಡು ಕೈಗಳೂ ಮೇಲೆ ಬಂದವು. ನಮ್ಮದು ಐದು ನಿಮಿಷ, ನಮ್ಮದು ಹದಿನೈದು, ಗುಡ್ಡೆಯ ಮೇಲಿನವನದ್ದು ಬರೋಬ್ಬರಿ ಅರ್ಧ ಗಂಟೆ.

"ಹಾಗಾದರೆ ನಿಮಗೆಲ್ಲ ಗೊತ್ತಿತ್ತಲ್ಲ! ಮತ್ತೆ ಅವತ್ತು ಎಂತಕ್ಕೆ ನಕ್ಕದ್ದು?"

"ನೀವು ನಕ್ಕಿರಲ್ಲ ಸರ್, ಅದಕ್ಕೆ" ಎಂದ ಕಂಡಕ್ಟರರ ಮಗ.

ನಾನು ಎರಡನೇ ಬೆಂಚಿನ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತೆ. "ನನ್ನ ಮೇಲೆ ಸಿಟ್ಟಾ ಮಗಾ?" ಎಂದೆ. ಅವಳು ಇಲ್ಲವೆಂದು ತಲೆ ಆಡಿಸಿದಳು.

"ಮತ್ತೆ ಇಷ್ಟು ದಿನ ಒಂದು ಮಾತೂ ಆಡಲಿಲ್ಲ?"

ಅವಳು ಒಮ್ಮೆ ಆಚೆ ಈಚೆ ನೋಡಿದಳು. ಆಮೇಲೆ, ನಾಲ್ಕು ತಿಂಗಳಿಂದ ನಾನು ಕಾದಿದ್ದ ಸ್ವರದಲ್ಲಿ ಹೇಳಿದಳು: "ಬಾಯಿ ಬಿಟ್ರೆ ಹೇಳಿಹೋಗ್ತದೆ ಅಂತ ಸರ್."

"ಏನು ಹೇಳಿಹೋಗ್ತದೆ?"

"ನಿಮಗೆ ಗಂಟೆ ಮುಂದೆ ಇಡುವುದು ಗೊತ್ತಿಲ್ಲ ಅಂತ."

"ಹೇಳಿದ್ರೆ ಎಂತ ಆಗ್ತಿತ್ತು?"

"ಎಲ್ರೂ ನಿಮ್ಮನ್ನು ನಗಾಡ್ತಿದ್ರು. ಗೊತ್ತಿಲ್ಲದವರನ್ನು ನಗಾಡ್ಬಾರ್ದು ಅಂತ ಅಮ್ಮ ಹೇಳಿದ್ದಾರೆ ಸರ್."