ನಾವಘಾಟದ ಗುಮಾಸ್ತನ ಉಪವಾಸ

ನೆಂದ ಹಗ್ಗ, ಆಗತಾನೇ ಬೇಕರಿಯ ಭಟ್ಟಿಯಿಂದ ಇಳಿದ ಪಾವು ಬ್ರೆಡ್ಡು: ಈ ಎರಡು ವಾಸನೆ ಕೂಡಿದರೆ ಪ್ರಲ್ಹಾದರಾಯರಿಗೆ ಬಾಲ್ಯ. ಮುಠಾ ನದಿಯಲ್ಲಿ ಉಸುಕಿನ ನಾವೆಗಳು ಬರುತ್ತಿದ್ದ ಕಾಲದಲ್ಲಿ ಪುಣೆಯ ನಾವಘಾಟ ಓಣಿಯ ಮಕ್ಕಳೆಲ್ಲ ಆ ವಾಸನೆಯಲ್ಲೇ ಬೆಳೆದವರು. ನಾವೆಗಳು ನಿಂತು ಎಷ್ಟೋ ವರ್ಷಗಳಾದವು. ಮರಾಠಿ ಅಂಬಿಗರು, ಬೋಹರಿ ಮುಸಲ್ಮಾನರು, ತೆಲುಗರು, ಧಾರವಾಡದ ಕಡೆಯವರು ಮಾತ್ರ ಗೋಡೆಗೆ ಗೋಡೆ ಹಚ್ಚಿಕೊಂಡು ಇನ್ನೂ ಅಲ್ಲೇ ಇದ್ದಾರೆ. ಓಣಿಯ ಕಥೆಯನ್ನು ಓಣಿಯವರೇ ಆಡುವ ನಾಟಕ ಆ ರವಿವಾರ ಸಂಜೆ ನಾಲ್ಕಕ್ಕಿತ್ತು.

ಅಂದು ಬೆಳಿಗ್ಗೆ ಬೇಕರಿಯ ವಾಸನೆಗೆ ರಾಯರ ಹೊಟ್ಟೆ ಗುರ್ ಎಂದಿತು. ಅದೇ ಹೊತ್ತಿಗೆ ಹೆಂಡತಿ ಇಂದೂ ಮರಾಠಿ ಕ್ಯಾಲೆಂಡರಿನ ಮುಂದೆ ನಿಂತು, "ಅಯ್ಯ, ಇವತ್ತ ಏಕಾದಶಿ ಅದರೀ!" ಎಂದರು.

ರಾಯರು ಮಂಚದ ಮೇಲೆ ಕುಸಿದರು. ಮಡಿ ಬಿಟ್ಟು, ಎಲ್ಲರ ಮನೆಯಲ್ಲಿ ಉಣ್ಣಲು ಶುರುಮಾಡಿ ಎಷ್ಟೋ ವರ್ಷವಾಗಿತ್ತು. ಏಕಾದಶಿಯೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಅಂದು ನೀರು ಸಹ ಇಲ್ಲ. ಆದರೆ ನಾಟಕದಲ್ಲಿ ಅವರದು ಹಸಿದು ಬಂದ ಗುಮಾಸ್ತನ ಪಾತ್ರ. ಓಣಿಯ ಮನೆಮನೆಯವರು ತಂದುಕೊಟ್ಟದ್ದನ್ನು ಉಂಡು, ಕೊನೆಗೆ ಉದ್ದನೆಯ ಭಾಷಣ ಮಾಡಬೇಕು. ಶಾಲೆಯಲ್ಲಿದ್ದಾಗಿನಿಂದ ಬರೀ ಪರದೆ ಎಳೆದುಕೊಂಡು ಬಂದವರಿಗೆ ಅರವತ್ತೆರಡನೆಯ ವಯಸ್ಸಿಗೆ ಸಿಕ್ಕ ಮೊದಲ ಮಾತು ಅದು.

"ಮಂಜರಿಗೆ ಹೇಳಿಬಿಡ್ರಲಾ," ಎಂದರು ಇಂದೂ. ಮಂಜರಿ ನಾಟಕ ಕಲಿಸುತ್ತಿದ್ದ ಟೀಚರು.

"ಹೇಳಿದ್ರ ಪಾರ್ಟು ಮಧ್ವೇಶಗ ಹೋಗ್ತದ. ಅವಗ ನನ್ನ ಮಾತೆಲ್ಲಾ ಬಾಯಿಪಾಠ ಅವ!"

ಪಕ್ಕದ ಮನೆಯ ಮಧ್ವೇಶ ರಂಗದ ಮೇಲಿನ ರಟ್ಟಿನ ನಾವೆಯೊಳಗೆ ಅಡಗಿ ಕೂತು, ಮರೆತವರಿಗೆ ಮಾತು ಎತ್ತಿಕೊಡುವವನು. ರಾಯರಿಗೆ ಅವನು ನಾವೆಯೊಳಗೆ ಹೊಂಚು ಹಾಕಿದ ಬೆಕ್ಕಿನಂತೆ ಕಾಣುತ್ತಿದ್ದ.

ಮೂರೂವರೆಗೆ ಮಂಜರಿ ಎಲ್ಲರನ್ನೂ ಸೇರಿಸಿ ಹೇಳಿದಳು: "ತಾಲೀಮಿನ್ಯಾಗ ಬರೇ ಕೈ ಆಡಿಸಿದ್ದು ಸಾಕು. ಇವತ್ತ ಖರೇ ಊಟ. ಕಾಕಾ, ಹೊಟ್ಟಿ ತುಂಬ ಉಣ್ರಿ!"

"ಹೂಂ," ಎಂದರು ರಾಯರು, ಒಣಗಿದ ನಾಲಿಗೆಯಿಂದ.

ನಾಟಕ ಶುರುವಾಯಿತು. ತೆಲುಗರ ಸುಬ್ಬಯ್ಯ ಇಡ್ಲಿ ಕೊಟ್ಟ. ರಾಯರು ಮುರಿದಂತೆ ಮಾಡಿ ಕೋಟಿನ ತೋಳಿಗೆ ಇಳಿಸಿದರು. ಬೋಹರಿ ಅಜ್ಜಿ ಬಟ್ಟಲು ತುಂಬ ಶ್ಯಾವಿಗೆ ಪಾಯಸ ಕೊಟ್ಟಳು. ಅದು ತೋಳಿಗೆ ಇಳಿಯುವಂಥದಲ್ಲ. ನದಿಯತ್ತ ನೋಡುವವರಂತೆ ತಿರುಗಿ, ಕುಡಿದಂತೆ ಮಾಡಿ, ಬಟ್ಟಲನ್ನು ನಾವೆಯೊಳಗೆ ಬಗ್ಗಿಸಿದರು. ಒಳಗಿನಿಂದ ಬೆಕ್ಕು ಸೀನಿದಂಥ ಸದ್ದು ಬಂತು.

ಕೊನೆಗೆ ಅಂಬಿಗರ ಭಾಮಾ ಜೋಳದ ಭಾಕರಿ, ಕಡಲೆಹಿಟ್ಟಿನ ಖಾರದ ಪಿಠ್ಲೆ ತಂದಳು. ರಾಯರ ಬತ್ತಿದ ಮುಖ ನೋಡಿ ಅವಳಿಗೆ ಇದು ನಾಟಕ ಎಂಬುದೇ ಮರೆತುಹೋಯಿತು. "ಖಾ ನಾ, ಕಾಕಾ," ಎಂದು ದೊಡ್ಡ ತುತ್ತು ಮುರಿದು ನೇರ ಅವರ ಬಾಯಿಗೇ ಇಟ್ಟಳು.

ನುಂಗುವಂತಿಲ್ಲ. ಇನ್ನೂರು ಜನರೆದುರು ಉಗುಳುವಂತಿಲ್ಲ. ಇನ್ನು ಭಾಷಣ! ನಾವೆಯೊಳಗಿಂದ ಮಧ್ವೇಶ ಮೊದಲ ಸಾಲನ್ನು ಮೂರು ಸಲ ಎತ್ತಿಕೊಟ್ಟ. ರಾಯರು ಒಂದು ಕೆನ್ನೆಯನ್ನು ಹಲ್ಲುನೋವಿನವರಂತೆ ಉಬ್ಬಿಸಿಕೊಂಡು ಸುಮ್ಮನೆ ನಿಂತರು. ಪಿಠ್ಲೆಯ ಮೆಣಸಿನಕಾಯಿಗೆ ಕಣ್ಣಿಂದ ನೀರು ಧಾರೆ ಇಳಿಯಿತು. ಮುಂದಿನ ಸಾಲಿನ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಯಾರೋ ಎದ್ದು ಚಪ್ಪಾಳೆ ತಟ್ಟಿದರು, ಎಲ್ಲರೂ ಎದ್ದರು. ಪರದೆ ಬಿತ್ತು.

ರಾಯರು ಹಿಂದೆ ಓಡಿಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಮಂಜರಿ ಕುಣಿಯುತ್ತಿದ್ದಳು. "ಏನ್ ಅಭಿನಯ ಕಾಕಾ! ಮುಂದಿನ ವಾರ ಮಗರಪಟ್ಟಾದಾಗ ಪ್ರಯೋಗ ಅದ. ಅಲ್ಲೂ ಹಿಂಗ ಮೂಕರಾಗೇ ನಿಲ್ರಿ. ಭಾಷಣ ತೆಗೆದೇ ಬಿಟ್ಟೆ!"

ರಾಯರು ಘಾಟಿನ ಮೆಟ್ಟಿಲ ಮೇಲೆ ಹೋಗಿ ಕೂತರು. ಹಿಂದೆಯೇ ಮಧ್ವೇಶ ಬಂದ. ಕಿವಿಯಿಂದ ಶ್ಯಾವಿಗೆ ಜೋತುಬಿದ್ದಿತ್ತು.

"ರಾಯರ, ನನ್ನ ಮ್ಯಾಲೆ ಏನ್ ಸಿಟ್ಟರೀ? ಕ್ಷೀರಾಭಿಷೇಕಾನ ಮಾಡಿದ್ರಿ!"

"ಸಿಟ್ಟಲ್ಲೋ ಮಾರಾಯಾ. ಏಕಾದಶಿ. ಮುಂಜಾನಿಂದ ನೀರು ಸುದ್ದಾ ಮುಟ್ಟಿಲ್ಲ."

ಕಿವಿ ಒರೆಸುತ್ತಿದ್ದ ಮಧ್ವೇಶನ ಕೈ ನಿಂತಿತು. "ಯಾರು ಹೇಳಿದ್ರು?"

"ಕ್ಯಾಲೆಂಡರಿನ್ಯಾಗ ಅದಲಾ."

"ಅದು ಸ್ಮಾರ್ತರ ಏಕಾದಶಿರೀ. ನಮ್ಮ ಮಠದ ಪ್ರಕಾರ ನಾಳೆ. ನೀವು ಉಣ್ಣೋ ಪಾರ್ಟು, ಉಪವಾಸ ಅಡ್ಡ ಬರಬಾರದು ಅಂತ ನಿಮ್ಮ ಮನಿ ಪಂಚಾಂಗಾನ ಒಯ್ದು, ದಶಮಿ ನೋಡಿ ನಾನ ಈ ದಿನ ಗೊತ್ತು ಮಾಡಿಸಿದ್ದೆ."

ರಾಯರು ಕೋಟಿನ ತೋಳಿನೊಳಗಿಂದ ಇಡ್ಲಿ ಹೊರಗೆ ತೆಗೆದರು. "ಅಂದ್ರ ನಾಳೆ ಖರೇ ಉಪವಾಸ. ಇವತ್ತಿಂದು?"

"ಇವತ್ತಿಂದು ನಾಟಕ."

ಸೂರ್ಯ ಸೇತುವೆಯ ಮೇಲೆ ಇನ್ನೂ ಒಂದು ಗೇಣಿದ್ದ. ದಶಮಿಯಂದು ಒಂದೇ ಊಟ, ಅದೂ ಹೊತ್ತು ಮುಳುಗುವುದರೊಳಗೆ. ಮಧ್ವೇಶ ತನ್ನ ಚೀಲದಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ರಾಯರ ತೊಡೆಯ ಮೇಲಿಟ್ಟ. ಮೊಸರನ್ನ.

"ನಿಂದು ಊಟ ಆತೇನು?"

"ಆತರೀ," ಎಂದ ಮಧ್ವೇಶ. ಡಬ್ಬಿ ಕಂಠಮಟ ತುಂಬಿತ್ತು. ಅವನು ಚಮಚವನ್ನು ಅಂಗಿಯ ತುದಿಗೆ ಒರೆಸಿ ರಾಯರ ಕೈಗೆ ಕೊಟ್ಟ.